ನಾಳೆ ಬನ್ನಿ ಅನ್ನದಿದ್ದ ಬಾಯಮ್ಮ

ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಬ್ಲೌಸ್ ಪೀಸ್ ಕೊಟ್ಟು, ಅಳತೆ ಕೊಟ್ಟು, ಮದುವೆಗೆ ಎರಡೇ ದಿನ ಇರೋದು ಅಂತ ಕೈ ಮುಗಿದು ಬಂದಿರ್ತೀರ. ಹೇಳಿದ ದಿನ ಹೋದ್ರೆ ಟೈಲರ್ "ನಾಳೆ ಬನ್ನಿ" ಅಂದಿದ್ದು ನಿಮ್ಗೂ ಆಗಿದ್ಯಾ? ನಿಮ್ ಪೀಸು ಕವರಿಂದ ಆಚೆನೇ ಬಂದಿರಲ್ಲ, ಆದ್ರೂ ಮುಖ ನೋಡ್ಕೊಂಡು "ಹುಕ್ ಹಾಕೋದೊಂದು ಬಾಕಿ" ಅಂದಿದ್ದು? ಆಗಿರುತ್ತೆ ಬಿಡಿ. ನಾನೇ ಟೈಲರು, ನಂಗೊತ್ತು. ದಿನಕ್ಕೆ ಹತ್ತು ಸಲ ಹೇಳ್ತೀನಿ.

ಆದ್ರೆ ನಂಗೆ ಹೊಲಿಗೆ ಕಲಿಸಿದ ಸೆರ್ಪಿನ್ ಬಾಯಮ್ಮ ಇದ್ರಲ್ಲ, ಅವ್ರ ಅಂಗಡೀಲಿ ಆ ಮಾತು ಇರ್ಲೇ ಇಲ್ಲ. ಇದ್ದಿದ್ದು ಎರಡೇ ಉತ್ತರ. "ಆಗ್ತದೆ." ಇಲ್ಲಾಂದ್ರೆ "ಆಗೋದಿಲ್ಲ." ಆಗ್ತದೆ ಅಂದ್ರೆ ಇವತ್ತು.

ಸಾಗರದಲ್ಲಿ ಬಸ್ ಸ್ಟ್ಯಾಂಡಿಂದ ಸ್ವಲ್ಪ ಒಳಗೆ, ಒಂದು ಓಣೀಲಿ ಇತ್ತು ಅವ್ರ ಅಂಗಡಿ. ಅಂಗಡಿ ಅಂದ್ರೆ ಎಂತ, ಮುಂದೆ ಎರಡು ಮಿಷನ್, ಹಿಂದೆ ಒಂದು ಮಂಚ, ಮಧ್ಯ ಒಂದು ಪರದೆ. ಮದುವೆ ಮಾಡ್ಕೊಂಡಿರ್ಲಿಲ್ಲ. ಎತ್ತರ, ಸಣಕಲು, ಬಿದಿರು ಗಳ ನಿಲ್ಸಿದ ಹಾಗೆ. ಕುತ್ತಿಗೇಲಿ ಎರಡು ವಸ್ತು, ಒಂದು ಸಣ್ಣ ಶಿಲುಬೆ, ಇನ್ನೊಂದು ಅಳತೆ ಟೇಪು. ಬಾಯಲ್ಲಿ ಯಾವಾಗ್ಲೂ ನಾಲ್ಕೈದು ಗುಂಡುಪಿನ್ನು. ಪಿನ್ ಕಚ್ಕೊಂಡೇ ಮಾತು. ಹೊಸಬ್ರಿಗೆ ಇವ್ರು ಬೈತಿದಾರೋ ಪ್ರಾರ್ಥನೆ ಮಾಡ್ತಿದಾರೋ ಗೊತ್ತಾಗ್ತಿರ್ಲಿಲ್ಲ. ನಂಗೂ ಎಷ್ಟೋ ಸಲ ಗೊತ್ತಾಗಿಲ್ಲ, ಸುಳ್ಳ್ಯಾಕೆ ಹೇಳ್ಲಿ.

ನಂದು ತವರುಮನೆ ಆನಂದಪುರದ ಹತ್ರ. ಮದುವೆ ಆಗಿ ಸಾಗರಕ್ಕೆ ಬಂದ ಮೇಲೆ, ಮನೇಲಿ ಕೂತು ಬೇಜಾರಾಗಿ, ಮೂರು ತಿಂಗಳಲ್ಲಿ ಬ್ಲೌಸ್ ಕಲ್ತು ಬಿಡೋಣ ಅಂತ ಅವ್ರ ಹತ್ರ ಹೋದೋಳು ಹನ್ನೊಂದು ವರ್ಷ ಕೂತೆ. ಮೊದಲನೇ ದಿನ ಸಂಜೆ ನೋಡ್ತೀನಿ, ಬಾಕಿ ಉಳಿದಿದ್ದ ಒಂದೊಂದು ಪೀಸಿಗೂ ಚೀಟಿ ಬರೆದು ಪಿನ್ ಹಾಕ್ತಿದಾರೆ. ಯಾರದ್ದು, ಎಷ್ಟು ಆಗಿದೆ, ಇನ್ನೇನು ಬಾಕಿ, ಎಲ್ಲಾ.

"ಇದೆಂತಕೆ ಬಾಯಮ್ಮ? ಬೆಳಿಗ್ಗೆ ಬಂದು ಹೊಲಿಯೋದು ನೀವೇ ಅಲ್ವಾ?"

"ನಾನೇ ಅಂತ ನಿಂಗೆ ಯಾರು ಹೇಳಿದ್ದು?"

"ಮತ್ತೆ ಇನ್ಯಾರು?"

"ಅದು ಗೊತ್ತಿಲ್ಲ. ಅದಕ್ಕೇ ಚೀಟಿ."

ಮಳೆ ಬರಬಹುದು, ಕೊಡೆ ತಗೋ ಅಂತಾರಲ್ಲ, ಆ ಥರ ಹೇಳಿದ್ರು. ದುಃಖ ಇಲ್ಲ, ಭಯ ಇಲ್ಲ. ನಂಗೆ ಮಾತ್ರ ಆ ರಾತ್ರಿ ಊಟ ಸೇರ್ಲಿಲ್ಲ.

ಗಿರಾಕಿಗಳಿಗೂ ಇದೇ. ಒಂದ್ಸಲ ಒಬ್ರು ಹೆಂಗಸು ಓಡಿ ಬಂದ್ರು, ಬೆಳಗಾದ್ರೆ ಸಿಗಂದೂರಿಗೆ ಹೋಗ್ಬೇಕು, ಬ್ಲೌಸ್ ಬೇಕು ಅಂತ. ಬಾಯಮ್ಮ ಪೀಸ್ ಮುಟ್ಟಿ ನೋಡಿ "ಆಗ್ತದೆ, ಕೂತ್ಕೋ" ಅಂದ್ರು.

"ಬೆಳಿಗ್ಗೆ ಹೋಗ್ತಾ ಬಂದು ತಗೊಂಡು ಹೋಗ್ತೀನಿ ಬಾಯಮ್ಮ, ಮನೇಲಿ ಕೆಲಸ ಉಂಟು."

"ಬೆಳಿಗ್ಗೆ ನೀ ಇರ್ತೀಯ ಅಂತ ಯಾರು ಬರ್ಕೊಟ್ಟಿದ್ದು? ನಾ ಇರ್ತೀನಿ ಅಂತ ಯಾರು?"

"ಬಿಡ್ತು ಅನ್ನಿ. ದೇವಸ್ಥಾನಕ್ಕೆ ಹೊರಟೋರಿಗೆ ಹೀಗೆ ಅಂತಾರಾ?"

"ದೇವ್ರ ಹತ್ರನೇ ಹೋಗೋದಲ್ವಾ, ಹೆದ್ರೋದೆಂತಕೆ? ಕೂತ್ಕೋ, ಮುಕ್ಕಾಲು ಗಂಟೆ."

ಆ ಹೆಂಗಸು ಮುಖ ಊದಿಸ್ಕೊಂಡು ಕೂತ್ರು. ಬ್ಲೌಸ್ ಮಾತ್ರ ಒಂದು ಸುಕ್ಕಿಲ್ಲದೆ ಕೂತಿತ್ತು. ಆಮೇಲೆ ವರ್ಷ ವರ್ಷ ಅವ್ರೇ ಪ್ರಸಾದ ತಂದು ಕೊಡ್ತಿದ್ರು. ಬಾಯಮ್ಮ ಹಣೆಗೆ ಹಚ್ಕೊಳ್ತಿರ್ಲಿಲ್ಲ, ಆದ್ರೆ ಎರಡೂ ಕೈಯಲ್ಲಿ ತಗೊಂಡು ನಂಗೆ ಕೊಡ್ತಿದ್ರು. "ನಿನ್ನ ಕಡೆಯವ್ರದ್ದು, ಕೆಳಗೆ ಬೀಳಿಸ್ಬೇಡ."

ಮೋಟಾರು ಹಾಕ್ಸಿರ್ಲಿಲ್ಲ, ಕಾಲಲ್ಲೇ ತುಳಿಯೋ ಮಿಷನ್. ಲಿಂಗನಮಕ್ಕಿ ಡ್ಯಾಮ್ ಇಲ್ಲೇ ಪಕ್ಕದಲ್ಲಿದೆ, ಊರಿಗೆಲ್ಲಾ ಕರೆಂಟ್ ಕೊಡೋರು ನಾವು, ನಮ್ಗೇ ಮಧ್ಯಾಹ್ನ ಕರೆಂಟ್ ಇರಲ್ಲ. ಆಗ ಅಕ್ಕಪಕ್ಕದ ಟೈಲರ್‌ಗಳೆಲ್ಲಾ ಬೀದಿಗೆ ಬಂದು ಟೀ ಕುಡೀತಾ ನಿಂತ್ರೆ ಇವ್ರ ಮಿಷನ್ ಮಾತ್ರ ಟಕಟಕ ಅಂತಿತ್ತು. "ಕಾಲಿರೋ ತನಕ ತುಳಿತೀನಿ. ಕರೆಂಟಿಗೆ ಕಾಯೋದು, ಆಯಸ್ಸಿಗೆ ಕಾಯೋದು, ಎರಡೂ ನಂಗಾಗೋದಿಲ್ಲ" ಅನ್ನೋರು.

ಇನ್ನೊಂದು, ಒಳಗೆ ಬಟ್ಟೆ ಬಿಡೋದು. ಹೊಲಿಗೆ ಗೊತ್ತಿಲ್ದೋರಿಗೆ ಹೇಳ್ತೀನಿ. ಹೊಲಿಗೆ ಹಾಕಿದ ಮೇಲೆ ಒಳಗಡೆ ಅಂಚಿಗೆ ಒಂದಿಷ್ಟು ಬಟ್ಟೆ ಉಳಿಸ್ತೀವಿ. ಮುಂದೆ ದಪ್ಪ ಆದ್ರೆ ಹೊಲಿಗೆ ಬಿಚ್ಚಿ ಅಗಲ ಮಾಡ್ಬಹುದು. ನಾನು ಶುರುವಿನಲ್ಲಿ ನೀಟಾಗಿ ಕಾಣ್ಲಿ ಅಂತ ಅಂಚಿಗೆ ಒತ್ತಿ ಕತ್ತರಿಸಿದ್ದೆ. ಬಾಯಮ್ಮ ಸ್ಕೇಲಲ್ಲಿ ಕೈ ಮೇಲೆ ಒಂದು ಕೊಟ್ರು.

"ಇವತ್ತಿನ ಮೈಗೆ ಮಾತ್ರ ಹೊಲಿತೀಯಾ? ಕತ್ತರಿಸಿ ಎಸೆದ ಬಟ್ಟೆ ವಾಪಸ್ ಬರ್ತದಾ?"

ಅದಿರ್ಲಿ. ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

ನಾನು ಹೋಗಿ ಎರಡನೇ ವರ್ಷ ಇರ್ಬೇಕು. ಅವ್ರಿಗೆ ಈಸ್ಟರ್‌ಗೆ ಮುಂಚೆ ನಲವತ್ತು ದಿನ ವ್ರತ ಇರುತ್ತಲ್ಲ, ಅದರ ಮೊದಲನೇ ದಿನ ಚರ್ಚಲ್ಲಿ ಹಣೆಗೆ ಬೂದಿ ಹಚ್ತಾರೆ. ವಿಭೂತಿ ಬುಧವಾರ ಅಂತಾರೆ. ಮಣ್ಣಿಂದ ಬಂದೋರು ಮಣ್ಣಿಗೇ ಹೋಗೋದು ಅಂತ ನೆನಪಿಸೋಕಂತೆ. ಹಣೆ ಮೇಲೆ ಬೂದಿ ಇಟ್ಕೊಂಡು ಬಂದ ಬಾಯಮ್ಮ ಅಂಗಡಿ ಬಾಗಿಲು ಅರ್ಧ ಎಳೆದ್ರು. ಕಪಾಟಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದ್ರು. ನುಸಿಗುಳಿಗೆ ವಾಸನೆ. ಒಳಗೆ ಬಿಳಿ ಬಟ್ಟೆದು ಉದ್ದ ಗೌನು. ಕುತ್ತಿಗೆಯಿಂದ ಪಾದದ ತನಕ ಮುಂದೆ ಗುಂಡಿ, ತುಂಬು ತೋಳು, ಕೈಯಲ್ಲೇ ಹಾಕಿದ ಸಣ್ಣ ಕಸೂತಿ.

"ಎಷ್ಟ್ ಚೆನ್ನಾಗಿದೆ ಬಾಯಮ್ಮ. ಯಾರದ್ದು?"

"ನಂದು."

"ಎಲ್ಲಿ ಮದುವೆ?"

"ಮದುವೆ ಅಲ್ಲ ಮಾರಾಯ್ತಿ. ಪೆಟ್ಟಿಗೆಗೆ."

ನಂಗೆ ಪೆಟ್ಟಿಗೆ ಅಂದ್ರೆ ಯಾವ ಪೆಟ್ಟಿಗೆ ಅಂತ ಹೊಳೆಯೋಕೆ ಒಂದು ನಿಮಿಷ ಬೇಕಾಯ್ತು. ಅಷ್ಟ್ರಲ್ಲಿ ಅವ್ರು ಸೀರೆ ಮೇಲೇ ಅದನ್ನ ಹಾಕ್ಕೊಂಡು ಕನ್ನಡಿ ಮುಂದೆ ನಿಂತಿದ್ರು. "ಹಿಂದೆ ನೋಡು. ಭುಜದ ಹತ್ರ ಸುಕ್ಕು ಇದ್ಯಾ?"

"ಬಾಯಮ್ಮ, ದಮ್ಮಯ್ಯ, ಅದನ್ನ ಹಾಕ್ಕೊಂಡು ಹಾಗೆ ನಿಂತ್ಕೋಬೇಡಿ."

"ಹೌದು, ಮಲ್ಕೊಂಡೇ ಟ್ರಯಲ್ ನೋಡ್ಬೇಕು. ಕನ್ನಡಿ ಹಾಗೆ ಇಲ್ಲ, ಏನು ಮಾಡ್ಲಿ."

ಸೀರೆ ಉಡ್ಸೋದು ಬೇಡ, ಕೊನೆಗೆ ಯಾರ ಕೈಗೆ ಸಿಗ್ತೀನೋ, ನೆರಿಗೆ ಸರಿಯಾಗಿ ಹಿಡೀದೇ ಹೋದ್ರೆ ಸತ್ತೋರೆಲ್ಲಾ ಎದ್ದು ಬರೋ ಪುನರುತ್ಥಾನದ ದಿನದ ತನಕ ಹಾಗೇ ಇರ್ಬೇಕಲ್ಲ ಅನ್ನೋದು ಅವ್ರ ಚಿಂತೆ. ತಲೆ ಮೇಲಿಂದ ಹಾಕೋ ಗೌನಾದ್ರೆ ಹಾಕೋರಿಗೆ ಕಷ್ಟ, ಅದಕ್ಕೆ ಮುಂದೆ ಪೂರ್ತಿ ಗುಂಡಿ. ಪ್ರತಿ ವರ್ಷ ಆ ಬುಧವಾರ ಅದನ್ನ ತೆಗೆದು, ಹಾಕಿ ನೋಡಿ, ಹಳದಿ ಬಿದ್ದಿದ್ರೆ ಒಗೆದು, ಇಸ್ತ್ರಿ ಮಾಡಿ ವಾಪಸ್ ಇಡೋದು.

ನಾನು ಅದರ ಒಳಗಡೆ ತಿರುಗಿಸಿ ನೋಡ್ದೆ, ಟೈಲರ್ ಬುದ್ಧಿ. ಎರಡೂ ಪಕ್ಕದಲ್ಲಿ ನಾಲ್ಕ್ ನಾಲ್ಕ್ ಬೆರಳು ಬಟ್ಟೆ ಬಿಟ್ಟಿದಾರೆ. ಯಾರೂ ಅಷ್ಟು ಬಿಡಲ್ಲ. ಮನುಷ್ಯರು ನೋಡಿದ್ರೆ ಗಾಳಿಗೆ ಹಾರೋ ಹಾಗೆ ಇದಾರೆ.

"ಇಷ್ಟೆಂತಕೆ ಬಾಯಮ್ಮ? ನೀವು ಸಾಯೋದ್ರೊಳಗೆ ಇಷ್ಟು ದಪ್ಪ ಆಗ್ತೀರಾ?"

"ಇರ್ಲಿ. ನಿಂಗೆಂತಕೆ?"

ಪಿನ್ ಬಾಯಲ್ಲಿರ್ಲಿಲ್ಲ, ಆದ್ರೂ ಪಿನ್ ಕಚ್ಕೊಂಡ ಹಾಗೇ ಹೇಳಿದ್ರು.

ಅವ್ರ ತಂಗಿ ಲಿಲ್ಲಿ ಬಾಯಿ ವಿಷಯ ನಂಗೆ ಗೊತ್ತಾಗಿದ್ದು ಆಮೇಲೆ. ಅದೂ ಒಂದು ಕಥೆ ನೆಪದಲ್ಲಿ. ಗುಂಡಿಗೆ ಕಾಜ ಹೊಲಿಯುವಾಗ ಬಾಯಮ್ಮ ಚರ್ಚಲ್ಲಿ ಫಾದರ್ ಹೇಳಿದ್ದನ್ನ ನಂಗೆ ಹೇಳೋರು. ಒಂದಿನ ಹತ್ತು ಜನ ಹುಡ್ಗೀರ ಕಥೆ. ಮದುವೆ ಗಂಡು ಬರ್ತಾನೆ ಅಂತ ಹತ್ತು ಜನ ದೀಪ ಹಿಡ್ಕೊಂಡು ಕಾಯ್ತಾ ಇದಾರೆ. ಗಂಡು ತಡ ಮಾಡ್ದ. ಐದು ಜನ ಎಕ್ಸ್‌ಟ್ರಾ ಎಣ್ಣೆ ತಂದಿದ್ರು, ಐದು ಜನ ತಂದಿರ್ಲಿಲ್ಲ. ಇಲ್ದೋರು ಕೇಳಿದ್ರು, ಇದ್ದೋರು ಕೊಡ್ಲಿಲ್ಲ, ಅಂಗಡಿಗೆ ಹೋಗಿ ತಗೊಳ್ಳಿ ಅಂದ್ರು. ಅವ್ರು ಹೋಗಿ ಬರೋದ್ರೊಳಗೆ ಗಂಡು ಬಂದು ಬಾಗಿಲು ಹಾಕಾಯ್ತು. ಆ ಗಳಿಗೆ ಯಾವತ್ತು ಬರ್ತದೋ ಯಾರಿಗೂ ಗೊತ್ತಿಲ್ಲ, ರೆಡಿ ಇರ್ಬೇಕು ಅಂತ ಕಥೆ.

ನಂಗೆ ಕೋಪ ಬಂತು. "ಎಂಥ ಹುಡ್ಗೀರು ಮಾರಾಯ್ರೆ ಅವ್ರು. ಒಂದು ಚಮಚ ಎಣ್ಣೆ ಕೊಟ್ಟಿದ್ರೆ ಗಂಟೇನು ಹೋಗ್ತಿತ್ತು? ನಮ್ ಕಡೆ ಸಕ್ರೆ ಕೇಳಿದ್ರೂ ಇಲ್ಲ ಅನ್ನಲ್ಲ."

"ಕೊಟ್ರೆ ಎರಡೂ ದೀಪ ಆರ್ತಿತ್ತು. ಕೊಡ್ಲಿಲ್ಲ, ಸರಿಯಾಗೇ ಮಾಡಿದ್ರು."

"ಆದ್ರೂ ಬಾಯಮ್ಮ…"

"ಎಣ್ಣೆ ವಿಷಯ ನಂಗೆ ಹೇಳ್ಬೇಡ ನೀನು."

ದನಿ ಬೇರೆ ಆಗಿತ್ತು. ಎರಡು ಕಾಜ ಆದ್ಮೇಲೆ ಅವ್ರೇ ಹೇಳಿದ್ರು.

ಅವ್ರ ತಾಯಿ ಮನೆ ಹೊಸನಗರ. ತಾಯಿಗೆ ಹುಷಾರಿಲ್ದೆ ಮಲಗಿದಾಗ ನೋಡ್ಕೊಳ್ಳೋಕೆ ತೀರ್ಥಹಳ್ಳಿಯಿಂದ ಲಿಲ್ಲಿ ಬಾಯಿ ಬಂದಿದ್ರಂತೆ. ಇವ್ರು ದಿನಾ ಸಾಗರದಿಂದ ಫೋನ್. ಫಾದರನ್ನ ಕರೆಸು, ಎಣ್ಣೆ ಹಚ್ಚಿಸು ಅಂತ. ಅವ್ರಲ್ಲಿ ಕಾಯಿಲೆ ಜೋರಾದ್ರೆ ಫಾದರ್ ಬಂದು ಪವಿತ್ರ ಎಣ್ಣೆ ಹಚ್ಚಿ, ಪಾಪ ಕ್ಷಮೆ ಕೊಟ್ಟು, ಪ್ರಾರ್ಥನೆ ಮಾಡ್ತಾರೆ. ಲಿಲ್ಲಿ ಬಾಯಿ ನಗುನಗ್ತಾ ಇರೋ ಜನ. ಫಾದರ್ ಬಂದ್ರೆ ಅಮ್ಮ ಹೆದ್ರಿ ಹೋಗ್ತಾಳೆ, ಇವತ್ತು ಗಂಜಿ ಕುಡಿದಿದಾಳೆ, ನಾಳೆ ಕರೆಸೋಣ ಅಂದ್ರಂತೆ. ಆ ನಾಳೆ ಬರೋ ಮುಂಚೆ ತಾಯಿ ಹೋದ್ರು.

ಮಣ್ಣು ಮಾಡಿ ವಾಪಸ್ ಬರುವಾಗ, ಎಲ್ಲರೆದುರಿಗೆ, ಬಾಯಮ್ಮ ತಂಗಿಗೆ ಹೇಳಿದ್ರಂತೆ: "ಅಮ್ಮನ್ನ ಎಣ್ಣೆ ಇಲ್ದೆ ಕಳಿಸಿದೋಳು ನೀನು."

ಅಷ್ಟೇ. ಅವತ್ತಿಂದ ಮಾತಿಲ್ಲ. ಅವತ್ತಿಂದ್ಲೇ ಅಂಗಡೀಲಿ "ನಾಳೆ"ನೂ ಇಲ್ಲ.

ಈಗ ನನ್ನ ತಲೆ ಕೆಟ್ಟಿದ್ದು ಎಲ್ಲಿ ಅಂದ್ರೆ, ಇಷ್ಟೆಲ್ಲಾ ರೆಡಿ ಇರೋ ಮನುಷ್ಯರು, ಗಿರಾಕಿಯ ಒಂದು ಹುಕ್ಕೂ ಬಾಕಿ ಇಡದೋರು, ತಂಗಿ ಹತ್ರ ಹೋಗೋದು ಮಾತ್ರ ಮುಂದಕ್ಕೆ ಹಾಕ್ತಾ ಬಂದ್ರು. ನಾನು ಬಿಡ್ತಿರ್ಲಿಲ್ಲ. "ಹೋಗಿ ಬನ್ನಿ ಬಾಯಮ್ಮ, ಎರಡು ಬಸ್ ಅಷ್ಟೇ. ಹೊಸನಗರದಲ್ಲಿ ಇಳಿದು ಹತ್ತೋದು."

"ಹೋಗ್ತೀನಿ. ಮಳೆ ನಿಲ್ಲಲಿ."

ಮಳೆ ನಿಂತ್ರೆ ಮದುವೆ ಸೀಸನ್ ಮುಗೀಲಿ. ಅದು ಮುಗಿದ್ರೆ ಕ್ರಿಸ್ಮಸ್ ಆಗ್ಲಿ. ಫಾದರೂ ಹೇಳಿದಾರಂತೆ, ಮೊದಲು ತಂಗಿ ಹತ್ರ ರಾಜಿ ಆಗು ಅಂತ. ಅವ್ರಿಗೂ "ಹೋಗ್ತೀನಿ ಫಾದರ್" ಅಂದು ಬಂದಿದ್ರು. "ನಾಳೆ ಅನ್ನಲ್ಲ ಅಂತೀರಲ್ಲ, ಇದೆಂತದು ಹಾಗಾದ್ರೆ?" ಅಂತ ಒಂದ್ಸಲ ಮುಖಕ್ಕೇ ಕೇಳಿದೆ. ನಂದು ಬಾಯಿ ಸ್ವಲ್ಪ ಹೆಚ್ಚು. ಆ ದಿನ ಪೂರ್ತಿ ಕೈ ಸನ್ನೇಲೇ ಕೆಲಸ ಹೇಳಿದ್ರು.

ನಂಗೆ ಗೊತ್ತಾದ ಮೇಲೇ ಹೀಗೆ ಒಂಬತ್ತು ವರ್ಷ ಆಯ್ತು.

ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಇರ್ಬೇಕು, ಬಾಯಮ್ಮನ ಫೋನ್ ಬಂತು. ಕೈಯಲ್ಲಿ ಬಟ್ಟೆ ಇತ್ತು, ನಾನೇ ಎತ್ತಿ ಸ್ಪೀಕರ್‌ಗೆ ಹಾಕ್ದೆ. ಲಿಲ್ಲಿ ಬಾಯಿ ಮಗಳು ರೀಮಾ, ತೀರ್ಥಹಳ್ಳಿಯಿಂದ. "ದೊಡ್ಡಮ್ಮ, ಅಮ್ಮ ಹೋದ್ರು. ಬೆಳಿಗ್ಗೆ ದೋಸೆ ಹುಯ್ತಾ ಇದ್ದೋರು ಹಾಗೇ ಕೂತ್ರು. ಆಸ್ಪತ್ರೆಗೆ ಕರ್ಕೊಂಡು ಹೋಗೋದ್ರೊಳಗೆ…"

ಬಾಯಮ್ಮ ಮಿಷನ್ ನಿಲ್ಲಿಸ್ಲಿಲ್ಲ. ಹಿಡಿದ ಹೊಲಿಗೆ ಕೊನೆ ತನಕ ಹೋದ್ರು. ದಾರ ಕತ್ತರಿಸಿದ್ರು. ಚೀಟಿ ಬರೆದು ಪಿನ್ ಹಾಕಿದ್ರು. ಆಮೇಲೆ ಎದ್ದು ಕಪಾಟಿಂದ ಆ ಪ್ಲಾಸ್ಟಿಕ್ ಕವರ್ ತೆಗೆದ್ರು.

"ಬಾಯಮ್ಮ, ಅದು ನಿಮ್ಮದು."

"ಬ್ಲೇಡು, ಸೂಜಿ, ಬಿಳಿ ದಾರ ತಗೋ. ನಡಿ."

ಬಸ್ಸಲ್ಲಿ ಕವರ್ ತೊಡೆ ಮೇಲಿಟ್ಕೊಂಡು ಕೂತಿದ್ರು, ಮಗು ಕೂರಿಸ್ಕೊಂಡ ಹಾಗೆ. ಹೊಸನಗರದಲ್ಲಿ ಬಸ್ ಬದಲಾಯಿಸುವಾಗ, "ಇಲ್ಲಿ ತನಕ ಎಷ್ಟು ಹೊತ್ತಾಯ್ತು?" ಅಂತ ಕೇಳಿದ್ರು. ಹೇಳಿದೆ. "ಅಷ್ಟೇನಾ" ಅಂದ್ರು.

ತೀರ್ಥಹಳ್ಳಿ ಮನೇಲಿ ಹೆಂಗಸರು ಒಂದು ರೇಷ್ಮೆ ಸೀರೆ ಹಿಡ್ಕೊಂಡು ನಿಂತಿದ್ರು, ಮ್ಯಾಚಿಂಗ್ ಬ್ಲೌಸ್ ಒಂದೂ ಆಗ್ತಿಲ್ಲ ಅಂತ. ಲಿಲ್ಲಿ ಬಾಯಿ ದಪ್ಪ ಜೀವ. ನಾನು ಅವ್ರನ್ನ ನೋಡಿದ್ದು ಅದೇ ಮೊದಲು. ಮುಖ ಬಾಯಮ್ಮಂದೇ, ಆದ್ರೆ ನಗು ಹಾಗೇ ಉಳಿದಿತ್ತು. ಬಾಯಮ್ಮ ಹತ್ರ ಹೋಗಿ ಕೊಂಕಣೀಲಿ ಏನೋ ಹೇಳಿದ್ರು, ಎರಡೇ ಮಾತು. ನಂಗೆ ಕೊಂಕಣಿ ಬರಲ್ಲ. ಆಮೇಲೆ ಯಾರನ್ನೂ ಕೇಳ್ಲೂ ಇಲ್ಲ.

"ಅಳತೆ ತಗೋ" ಅಂದ್ರು ನಂಗೆ, ಕುತ್ತಿಗೆಯಿಂದ ಟೇಪ್ ತೆಗೆದು ಕೊಟ್ಟು.

ತಗೊಂಡೆ. ಅವ್ರು ಗೌನಿನ ಎರಡೂ ಪಕ್ಕದ ಹೊಲಿಗೆ ಬ್ಲೇಡಲ್ಲಿ ಬಿಚ್ಚಿದ್ರು. ಆ ನಾಲ್ಕ್ ನಾಲ್ಕ್ ಬೆರಳು ಬಟ್ಟೆ ಹೊರಗೆ ಬಂತು. ಹಿಡಿದು ನೋಡಿದ್ರೆ ಸರಿಯಾಗಿ ಲಿಲ್ಲಿ ಬಾಯಿ ಅಳತೆ. ಒಂದು ಬೆರಳು ಹೆಚ್ಚಿಲ್ಲ, ಕಮ್ಮಿ ಇಲ್ಲ. ನಾನು ಅವ್ರ ಮುಖ ನೋಡ್ದೆ. ಅವ್ರು ನನ್ನ ಮುಖ ನೋಡ್ಲಿಲ್ಲ. ಅವ್ರು ಒಂದು ಪಕ್ಕ, ನಾನೊಂದು ಪಕ್ಕ, ನೆಲದ ಮೇಲೆ ಕೂತು ಕೈಯಲ್ಲೇ ಹೊಲಿದ್ವಿ.

ಹೊಲೀತಾ ಇರುವಾಗ ರೀಮಾ ಬಂದು ಪಕ್ಕದಲ್ಲಿ ಕೂತ್ಳು. ಬಾಯಮ್ಮ ತಲೆ ಎತ್ತದೆ ಕೇಳಿದ್ರು. "ಎಣ್ಣೆ?"

"ಆಗಿದೆ ದೊಡ್ಡಮ್ಮ. ಹೋದ ವಾರ ಅಮ್ಮಂಗೆ ಬರೀ ಜ್ವರ. ನಾವೆಲ್ಲಾ ನಕ್ವಿ, ಜ್ವರಕ್ಕೆಲ್ಲಾ ಯಾರಾದ್ರೂ ಫಾದರನ್ನ ಕರೆಸ್ತಾರಾ ಅಂತ. ಅಮ್ಮ ಕೇಳ್ಲಿಲ್ಲ. ಪಾಪ ನಿವೇದನೆ ಮಾಡಿ, ಎಣ್ಣೆ ಹಚ್ಚಿಸ್ಕೊಂಡ್ರು. ಇಲ್ದಿದ್ರೆ ನಮ್ಮಕ್ಕ ಬೈತಾಳೆ ಅಂದ್ರು."

ಬಾಯಮ್ಮನ ಸೂಜಿ ನಿಂತಿತು. ಹನ್ನೊಂದು ವರ್ಷದಲ್ಲಿ ಅವ್ರ ಕೈ ಅರ್ಧ ಹೊಲಿಗೇಲಿ ನಿಂತಿದ್ದು ನಾ ನೋಡಿದ್ದು ಅದೊಂದೇ ಸಲ. ಬಾಯಲ್ಲಿದ್ದ ಪಿನ್ ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿದ್ರು. ಆಮೇಲೆ ಬಿಳಿ ಬಟ್ಟೆಗೆ ಮುಖ ಒತ್ತಿ ಅತ್ರು. ಸದ್ದಿರ್ಲಿಲ್ಲ. ಬೆನ್ನು ಮಾತ್ರ ಅಲ್ಲಾಡ್ತಿತ್ತು. ಬಟ್ಟೆ ಒದ್ದೆ ಆಯ್ತು. ಇಸ್ತ್ರಿ ಮಾಡ್ಲಾ ಅಂತ ರೀಮಾ ಕೇಳಿದ್ಳು. "ಬೇಡ, ಇರ್ಲಿ" ಅಂದ್ರು.

ವಾಪಸ್ ಬರೋ ಬಸ್ಸಲ್ಲಿ ತಡ್ಕೊಳ್ಳೋಕೆ ಆಗ್ಲಿಲ್ಲ ನಂಗೆ. "ಬಾಯಮ್ಮ, ಆ ನಾಲ್ಕ್ ಬೆರಳು ಬಟ್ಟೆ. ಅದು ಅವ್ರಿಗೇ ಅಂತ ಬಿಟ್ಟಿದ್ರಾ?"

ಖಾಲಿ ಕವರ್ ನಾಲ್ಕು ಮಡಿಕೆ ಮಾಡಿದ್ರು. "ಅವಳ ಮದುವೆ ಬ್ಲೌಸ್ ನಾನೇ ಹೊಲ್ದಿದ್ದು. ಆಗ ನಂಗೂ ನೀಟ್ ಬೇಕಿತ್ತು, ಅಂಚಿಗೆ ಕತ್ತರಿಸಿದ್ದೆ. ಮದುವೆ ದಿನ ಬಿಗಿ ಆಗಿ ಉಸಿರು ಬಿಡೋಕೆ ಆಗದೆ ಕೂತಿದ್ಳು. ಬಿಚ್ಚುವ ಅಂದ್ರೆ ಒಳಗೆ ಬಟ್ಟೆ ಇಲ್ಲ. ನಗ್ತಾನೇ ಇದ್ಳು, ನಂಗೆ ಒಂದು ಮಾತು ಅನ್ನಲಿಲ್ಲ. ಅವತ್ತಿಂದ ಬಿಡ್ತೀನಿ."

ಇದು ಹೌದೂ ಅಂತಾನಾ, ಅಲ್ಲ ಅಂತಾನಾ? ನಂಗೆ ಇವತ್ತಿಗೂ ಗೊತ್ತಾಗಿಲ್ಲ.

ಸಾಗರ ಹತ್ರ ಬರ್ತಾ ಇನ್ನೊಂದು ಹೇಳಿದ್ರು. "ಆ ಎಣ್ಣೆ ಹುಡ್ಗೀರು ಉಂಟಲ್ಲ. ಕೊಡಬಹುದಿತ್ತೋ ಏನೋ."

"ನೀವೇ ಹೇಳಿದ್ರಿ, ಕೊಟ್ರೆ ಎರಡೂ ಆರ್ತಿತ್ತು ಅಂತ."

"ಹೇಳಿದ್ದೆ. ನಂಗೂ ಈಗ ತಿಳೀತಿಲ್ಲ ಭಾಗ್ಯ."

ಮರುವರ್ಷದ ವಿಭೂತಿ ಬುಧವಾರ ಕಪಾಟು ಖಾಲಿ. ಇನ್ನೊಂದು ಹೊಲ್ಕೊಳ್ಳಿ ಅಂದೆ. ನನ್ನ ಕೈಲಿ ಆಗೋದಿಲ್ಲ, ನೀ ಹೊಲಿ ಅಂದ್ರು. ಅಷ್ಟೊತ್ತಿಗೆ ನಾನು ಎರಡು ಬೀದಿ ಆಚೆ ನಂದೇ ಅಂಗಡಿ ಮಾಡಿದ್ದೆ. ಬಟ್ಟೆ ತಂದು ಕೊಟ್ರು, ಅಳತೆ ಕೊಟ್ರು. ಮೊದಲಿಗಿಂತ ಇನ್ನೂ ಸಣ್ಣ ಆಗಿದ್ರು. ಕತ್ತರಿಸಿದೆ. ಬಲ ಪಕ್ಕ ಹೊಲಿದೆ, ತೋಳು ಹೊಲಿದೆ, ಗುಂಡಿ ಹಾಕಿದೆ. ಎಡ ಪಕ್ಕಕ್ಕೆ ಕಚ್ಚಾ ಹೊಲಿಗೆ ಹಾಕಿ ಬಿಟ್ಟೆ.

ಸೋಮಾರಿತನ ಅಲ್ಲ. ನಿಮ್ಗೆ ನಗು ಬರ್ಬಹುದು. ಅದನ್ನ ಮುಗಿಸಿ ಕೊಟ್ರೆ ಇವ್ರು ಹೊರಟೇ ಹೋಗ್ತಾರೆ ಅಂತ ನನ್ನ ತಲೇಲಿ ಕೂತುಬಿಟ್ಟಿತ್ತು. ಒಂದು ಪಕ್ಕ ಬಾಕಿ ಇದ್ರೆ ಹೇಗೆ ಹೋಗ್ತಾರೆ? ಬಾಕಿ ಇಟ್ಟು ಹೋಗೋ ಜನ ಅಲ್ಲ ಅವ್ರು.

ಒಂದು ವಾರ ಬಿಟ್ಟು ಬಂದ್ರು. "ಆಯ್ತಾ?"

ನನ್ನ ಬಾಯಿಂದ ತಾನಾಗೇ ಬಂತು. "ನಾಳೆ ಬನ್ನಿ ಬಾಯಮ್ಮ. ಹುಕ್ ಒಂದು ಬಾಕಿ."

ಸ್ಕೇಲ್ ತಗೊಂಡು ಹೊಡೀತಾರೆ ಅಂದ್ಕೊಂಡೆ. ಬಾಯಮ್ಮ ನನ್ನ ಮುಖ ನೋಡಿದ್ರು, ನೇತು ಹಾಕಿದ್ದ ಗೌನು ನೋಡಿದ್ರು, ಅದರ ಎಡ ಪಕ್ಕ ನೋಡಿದ್ರು. ನಗೋಕೆ ಶುರು ಮಾಡಿದ್ರು. ಲಿಲ್ಲಿ ಬಾಯಿ ಮುಖದಲ್ಲಿ ನೋಡಿದ್ನಲ್ಲ, ಅದೇ ನಗು. "ಗುಂಡಿ ಗೌನಿಗೆ ಯಾವ ಹುಕ್ಕು ಮಾರಾಯ್ತಿ? ಕಳ್ಳ ಟೈಲರು" ಅಂದು ಹೋದ್ರು.

ಆಮೇಲೆ ಅದೇ ಆಟ ಆಯ್ತು. ವಾರಕ್ಕೊಂದ್ಸಲ ಚರ್ಚಿಂದ ಬರ್ತಾ ಅಂಗಡಿಗೆ ಬರೋರು. ಆಯ್ತಾ? ನಾಳೆ ಬನ್ನಿ. ಟೀ ಕುಡಿಯೋದು. "ನೋಡುವ" ಅಂದು ಹೋಗೋದು. ಎರಡು ವರ್ಷ ನಡೀತು ಇದು. ತೀರ್ಥಹಳ್ಳಿಗೆ ತಿಂಗಳಿಗೊಮ್ಮೆ ಹೋಗಿ ರೀಮಾನ ನೋಡ್ಕೊಂಡು ಬರೋಕೆ ಶುರು ಮಾಡಿದ್ರು. ಮಳೆ ಇದ್ರೂ ಹೋಗ್ತಿದ್ರು.

ಹೋದ ವರ್ಷ ಒಂದು ಶನಿವಾರ ಬಂದ್ರು. ಟೀ ಅರ್ಧ ಕುಡಿದು ಲೋಟ ಇಟ್ರು. "ಆಯ್ತಾ?" ಅಂದ್ರು. "ನಾಳೆ ಬನ್ನಿ" ಅಂದೆ. ನೋಡುವ ಅನ್ಲಿಲ್ಲ. ಮೆಟ್ಟಿಲು ಇಳೀತಾ ತಿರುಗಿ ನಕ್ಕೊಂಡು ಹೇಳಿದ್ರು. "ನಾಳೆ ಬರ್ತೀನಿ."

ನಾಳೆ ಅಂತ ಅವ್ರು ಒಬ್ರಿಗೆ ಮಾತು ಕೊಟ್ಟಿದ್ದು ನಾ ಕೇಳಿದ್ದು ಅದೊಂದೇ. ಅವತ್ತೇ ಹೋಗಿ ಮಿಷನ್ ಮುಂದೆ ಕೂತಿದಾರೆ. ಸೂಜಿಗೆ ದಾರ ಪೋಣಿಸ್ತಾ ಹಾಗೇ ತಲೆ ಇಟ್ಟಿದಾರೆ. ಪಕ್ಕದ ಅಂಗಡಿಯವ್ರು ನೋಡಿದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಫಾದರ್ ಓಡಿ ಬಂದ್ರು, ಆದ್ರೆ ಎಲ್ಲಾ ಮುಗಿದಿತ್ತು. ಎಣ್ಣೆ ಇಲ್ಲ. ಗೌನಿಗೆ ಒಂದು ಪಕ್ಕ ಇಲ್ಲ. ಊರಿಗೆಲ್ಲಾ ರೆಡಿ ಇರಿ ಅಂದೋರು ಹೀಗೆ ಹೋದ್ರು.

ನಾನು ಎಡ ಪಕ್ಕ ಹೊಲಿದೆ, ಅಳ್ತಾ ಅಳ್ತಾ, ಅವ್ರದ್ದೇ ಮಿಷನ್ನಲ್ಲಿ, ಅವ್ರು ಪೋಣಿಸಿದ್ದ ದಾರದಲ್ಲಿ. ಮುಗಿದ ಮೇಲೆ ನೋಡ್ತೀನಿ, ಎರಡೂ ಪಕ್ಕ ನಾಲ್ಕ್ ನಾಲ್ಕ್ ಬೆರಳು ಬಟ್ಟೆ ಬಿಟ್ಟಿದೀನಿ. ಯಾರಿಗೆ ಅಂತ ಬಿಟ್ನೋ. ಅವ್ರ ಜೊತೆನೇ ಹೋಯ್ತು ಅದು. ಶೆಲ್ಫಲ್ಲಿ ಎರಡೇ ಪೀಸು ಬಾಕಿ ಇತ್ತು, ಎರಡಕ್ಕೂ ಚೀಟಿ ಇತ್ತು. ನಾನೇ ಹೊಲಿದು ಕೊಟ್ಟೆ.

ಮಣ್ಣಾದ ಮೇಲೆ ಫಾದರ್‌ನ ಕೇಳಿದೆ. "ಎಣ್ಣೆ ಇಲ್ದೆ ಹೋದ್ರಲ್ಲ ಫಾದರ್, ಮುಂದೆ ಹೇಗೆ?"

"ದಿನಾ ಬೆಳಿಗ್ಗೆ ಪೂಜೆಗೆ ಬರ್ತಿದ್ರಮ್ಮ. ಅವ್ರ ದೀಪದ ಬಗ್ಗೆ ನಂಗೆ ಚಿಂತೆ ಇಲ್ಲ."

ಸಮಾಧಾನ ಆಯ್ತು. ಮನೆ ಹತ್ರ ಬರೋದ್ರೊಳಗೆ ಸಮಾಧಾನ ಹೋಯ್ತು. ಹಾಗಾದ್ರೆ ಎಣ್ಣೆ ಇಲ್ದೆ ಹೋದ ಅವ್ರಮ್ಮನ ಬಗ್ಗೆನೂ ಚಿಂತೆ ಬೇಕಿರ್ಲಿಲ್ವಲ್ಲ, ಅಷ್ಟು ವರ್ಷ ತಂಗಿ ಹತ್ರ ಮಾತಿಲ್ದೆ ಎಂತಕೆ ಹೋಯ್ತು? ಆದ್ರೆ ಆ ಮಾತು ಆಡದೇ ಇದ್ದಿದ್ರೆ ಲಿಲ್ಲಿ ಬಾಯಿ ಜ್ವರಕ್ಕೆ ಫಾದರನ್ನ ಕರೆಸ್ತಿದ್ರಾ? ಮತ್ತೆ ಬಾಯಮ್ಮ "ನಾಳೆ ಬರ್ತೀನಿ" ಅಂದಿದ್ದು ಮರೆತು ಅಂದಿದ್ದಾ, ಇಲ್ಲ ಇನ್ನು ಏನೂ ಬಾಕಿ ಇಲ್ಲ ಅಂತ ಅಂದಿದ್ದಾ? ಆ ಒಂದು ಪಕ್ಕ ಹೊಲಿದು ಕೊಟ್ಟಿದ್ರೆ ನಾನು ಒಳ್ಳೇ ಟೈಲರ್ ಆಗ್ತಿದ್ದೆ. ಆದ್ರೆ ಎರಡು ವರ್ಷದ ಟೀ ಇರ್ತಿರ್ಲಿಲ್ಲ. ನಂಗೆ ತಲೆಬುಡ ತಿಳೀತಿಲ್ಲ, ತಿಳಿದ ಹಾಗೆ ಬರೆಯೋಕೂ ಬರಲ್ಲ.

ಅದಕ್ಕೇ ನಿಮ್ಮನ್ನ ಕೇಳ್ತಿರೋದು. ಯಾರ ಹತ್ರನಾದ್ರೂ ಮಾತಾಡೋದು ಹೀಗೆ ಮುಂದಕ್ಕೆ ಹಾಕಿದೀರಾ? ಹೋಗಿ ತಲುಪಿದ್ರಾ, ತಡ ಆಯ್ತಾ? ನಿಮ್ಮನೇಲೂ ಬಾಯಮ್ಮನ ಥರ ಎಲ್ಲಾ ರೆಡಿ ಇಟ್ಕೊಂಡಿದ್ದೋರು ಯಾರಾದ್ರೂ ಇದ್ರಾ? ಕೆಳಗೆ ಕಾಮೆಂಟಲ್ಲಿ ಬರೀರಿ, ಒಂದೊಂದೂ ಓದ್ತೀನಿ.

ನಾಳೆ ಬರೀತೀನಿ ಅಂತ ಮಾತ್ರ ಅನ್ಬೇಡಿ.